ಇಲ್ಲ ಅನ್ನುವವರು ಬರೆದು ಕೊಡಲಿ

(ಗದಗಿನಲ್ಲಿ ಕಾನೂನು ವಿದ್ಯಾರ್ಥಿಗಳು ಹಾಗೂ ಸೈನ್ಯ ಭರ್ತಿಗೆ ತಯಾರಿ ನಡೆಸಿರುವ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2022ರ ಸೆಪ್ಟೆಂಬರಿನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ಅಗ್ನಿವೀರ ಭರ್ತಿ ನಡೆಯಿತು. ಇಲ್ಲಿ ಕೂತವರ ಅಣ್ಣಂದಿರೋ ಗೆಳೆಯರೋ ಅಲ್ಲಿ ಓಡಿರಬಹುದು. ಅಂಕದ ಲೆಕ್ಕ ನಿಮಗೆ ಬಾಯಿಪಾಠ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60, ಕಂಬಿ ಹಿಡಿದು ಮೈ ಮೇಲೆತ್ತುವ ಬೀಮ್ 10 ಎಳೆದರೆ 40, ಆಮೇಲೆ 9 ಅಡಿಯ ಗುಂಡಿ ಜಿಗಿಯಬೇಕು, ಝಿಗ್‌ಝ್ಯಾಗ್ ಕಟ್ಟೆಯ ಮೇಲೆ ನಡೆಯಬೇಕು. ಗಡಿಯಾರ ಹಿಡಿದು ನಿಂತ ಹವಾಲ್ದಾರನಿಗೆ ಓಡುವವನು ಯಾರ ಮಗ ಎಂಬುದು ಬೇಕಿಲ್ಲ, ಎಷ್ಟು ಹೊತ್ತಿಗೆ ಬಂದ ಎಂಬುದಷ್ಟೇ ಬೇಕು. ಆದರೆ ಮೈದಾನಕ್ಕೆ ಕಾಲಿಡುವ ಮೊದಲೇ ಆನ್‌ಲೈನ್ ಅರ್ಜಿ ತುಂಬಬೇಕಲ್ಲ, ಅಲ್ಲಿ ಬಾಗಿಲು ಎರಡೇ. ಒಂದು ಪುರುಷರಿಗೆ. ಇನ್ನೊಂದು ಮಹಿಳೆಯರಿಗೆ, ಅದೂ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಮಾತ್ರ.

ಲಿಂಗತ್ವ ಅಲ್ಪಸಂಖ್ಯಾತರು ಸೈನ್ಯಕ್ಕೆ ಸೇರಬಹುದೇ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಚರ್ಚಾಸ್ಪರ್ಧೆಯ ಹಾಗೆ ಪರ-ವಿರೋಧ ಎರಡೂ ಹೇಳಿ ಇಳಿದುಹೋಗುವ ಮನಸ್ಸು ನನಗಿಲ್ಲ. ನನ್ನ ತಕರಾರು ಒಂದೇ. 'ಇವರು ಸೇರಬಾರದು' ಎಂದು ನಮ್ಮ ಸಂಸತ್ತು ಎಲ್ಲಿಯೂ ಬರೆದಿಲ್ಲ. 'ಸೇರಬಹುದು' ಎಂದು ಸೈನ್ಯವೂ ಎಲ್ಲಿಯೂ ಬರೆದಿಲ್ಲ. ಯಾರೂ ಏನೂ ಬರೆಯದೆ ಬಾಗಿಲು ಮುಚ್ಚಿಕೊಂಡಿದೆ. ಬರೆದಿದ್ದನ್ನು ಓದಬಹುದು, ಕೋರ್ಟಿನಲ್ಲಿ ಪ್ರಶ್ನಿಸಬಹುದು. ಬರೆಯದೇ ಇದ್ದದ್ದರ ಮೇಲೆ ವಾದ ಮಾಡುವುದಾದರೂ ಹೇಗೆ?

ನಮ್ಮ ಕಡೆ ಈ ಮಾತು ಎತ್ತಿದ ಕೂಡಲೇ ಜನರ ಕಣ್ಣ ಮುಂದೆ ಬರುವವರು ಜೋಗಪ್ಪಗಳು. ಸವದತ್ತಿ ಗುಡ್ಡ, ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಗೌರವ ಕೊಡುವುದಾದರೆ ಎಲ್ಲಮ್ಮನ ಆವರಣದೊಳಗೆ, ಜಾನಪದದ ವೇದಿಕೆಯ ಮೇಲೆ ಕೊಡುತ್ತೇವೆ. ಅದರಾಚೆ ಬಂದು ನೌಕರಿ ಕೇಳಿದರೆ ಮುಖ ತಿರುವುತ್ತೇವೆ. ಇನ್ನೊಂದು ಬಗೆಯವರು ನಮಗೆ ಕಾಣುವುದೇ ಇಲ್ಲ. ಹುಟ್ಟಿದಾಗ ಹೆಣ್ಣು ಎಂದು ಬರೆಸಿಕೊಂಡು, ಗಂಡಾಗಿ ಬದುಕುವವರು. ಅವರು ಜಾತ್ರೆಯಲ್ಲಿ ಸಿಗುವುದಿಲ್ಲ, ಸಿಗ್ನಲ್‌ನಲ್ಲಿ ಸಿಗುವುದಿಲ್ಲ, ಪಕ್ಕದ ಬೆಂಚಿನಲ್ಲಿ ಕೂತಿರುತ್ತಾರೆ. ಪ್ರತಿ ಜೋಗಪ್ಪನ ಕೈಗೂ ಬಂದೂಕು ಕೊಡಿ ಎಂದು ಯಾರೂ ಕೇಳಿಲ್ಲ. ಓಡಲು ಬಲ್ಲವರು ಓಡಲಿ ಎಂಬುದಷ್ಟೇ ಕೇಳಿಕೆ.

ಸೈನ್ಯವೇ ಏಕೆ ಬೇಕು ಎಂದು ಕೇಳುವವರು ಕುಂದಗೋಳ ತಾಲೂಕಿನ ಬೆಟದೂರಿಗೆ ಹೋಗಿ ಬರಲಿ. ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ, 19 ಮದ್ರಾಸ್ ರೆಜಿಮೆಂಟ್. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಪಾರ್ಥಿವ ಶರೀರ ಬಂದ ದಿನ ಸೇರಿದ ಜನ ನಿಮಗೆ ನೆನಪಿರಬಹುದು. ನಮ್ಮ ಹಳ್ಳಿಗಳಲ್ಲಿ ಮಿಲಿಟರಿಯಿಂದ ಬಂದವನಿಗೆ ಸಿಗುವ ಗೌರವ ತಹಸೀಲ್ದಾರನಿಗೂ ಸಿಗುವುದಿಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ಜಾಗ ಬಿಟ್ಟು ಕೊಡುತ್ತಾರೆ, ಮನೆಯ ಬಾಗಿಲಿನ ಮೇಲೆ ಹೆಸರಿಗಿಂತ ದೊಡ್ಡದಾಗಿ 'ಮಾಜಿ ಸೈನಿಕ' ಎಂದು ಬರೆಸುತ್ತಾರೆ. ಊರು ಬಿಟ್ಟು ಹೋಗು ಅನ್ನಿಸಿಕೊಂಡವರಿಗೆ ಆ ಬಾಗಿಲ ಬರಹದ ಬೆಲೆ ಏನು ಎಂದು ನಾನು ವಿವರಿಸಬೇಕಿಲ್ಲ. ಪಗಾರ ಆಮೇಲಿನ ಮಾತು.

ಈಗ ಕಾನೂನಿಗೆ ಬರೋಣ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ರಾಣಿ ಕುದುರೆಯ ಮೇಲೆ ಕೂತಿದ್ದಾಳೆ. 1824ರಲ್ಲಿ ಆಕೆಯ ಪಡೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಇಷ್ಟಾದರೂ ಸ್ವತಂತ್ರ ಭಾರತ 1950ರಲ್ಲಿ ಮಾಡಿಕೊಂಡ ಸೇನಾ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಹೆಂಗಸರು ಸೈನ್ಯಕ್ಕೆ ಅರ್ಹರಲ್ಲ; ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ ಹೇಳಿದ ವಿಭಾಗಗಳಿಗೆ ಮಾತ್ರ ಸೇರಬಹುದು. ಚೆನ್ನಮ್ಮನೇ ಅರ್ಜಿ ಹಾಕಿದ್ದರೂ ತಿರಸ್ಕೃತವಾಗುತ್ತಿತ್ತು. ಆದರೆ ಒಂದು ಮಾತು ಗಮನಿಸಿ: ಆ ನಿರ್ಬಂಧ ಬರಹದಲ್ಲಿತ್ತು. ಅದಕ್ಕೇ ಅದನ್ನು ಅಧಿಸೂಚನೆಗಳಿಂದ ಸಡಿಲಿಸಲು ಬಂತು, ನ್ಯಾಯಾಲಯಗಳಲ್ಲಿ ಜಗ್ಗಾಡಲು ಬಂತು. 1992ರಲ್ಲಿ ಮಹಿಳಾ ಅಧಿಕಾರಿಗಳು ಒಳಗೆ ಬಂದರು. ಅವರಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡಬೇಕೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಮಿಲಿಟರಿ ಪೊಲೀಸ್ ತರಬೇತಿ ಮುಗಿಸಿ 83 ಮಹಿಳಾ ಜವಾನರು ಹೊರಬಂದರು. ಮರುವರ್ಷ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಕೂಡ ಹುಡುಗಿಯರನ್ನು ಸೇರಿಸಿಕೊಂಡಿತು.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಜಗ್ಗಾಡಲು ಹಿಡಿಯೇ ಇಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮೂರನೆಯ ಲಿಂಗವೆಂದು ಗುರುತಿಸಿತು, ತಮ್ಮ ಲಿಂಗತ್ವ ಯಾವುದೆಂದು ಹೇಳಿಕೊಳ್ಳುವ ಹಕ್ಕು ಅವರದೇ ಎಂದಿತು. 2019ರಲ್ಲಿ ಸಂಸತ್ತು ಅವರ ಹಕ್ಕುಗಳ ರಕ್ಷಣೆಗೆ ಕಾಯ್ದೆ ಮಾಡಿತು. ಭರ್ತಿ, ಬಡ್ತಿ, ಯಾವುದರಲ್ಲಿಯೂ ಯಾವ ಸಂಸ್ಥೆಯೂ ತಾರತಮ್ಯ ಮಾಡಕೂಡದು ಎನ್ನುತ್ತದೆ ಅದರ 9ನೆಯ ಕಲಮು. ಸೈನ್ಯಕ್ಕೆ ರಿಯಾಯಿತಿ ಇದೆಯೇ ಎಂದು ಕಾಯ್ದೆಯ ಪುಟ ತಿರುವಿದರೆ ಅಂಥ ಸಾಲು ಸಿಗುವುದಿಲ್ಲ.

ಇದನ್ನು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕೆಲವು ಸಂಸ್ಥೆಗಳಿಗೆ ಸರಕಾರ ವಿನಾಯಿತಿ ಕೊಡಬಹುದು ಎಂದು ಬರೆದಿದೆ. ಅದರಂತೆ 2021ರ ಆಗಸ್ಟಿನಲ್ಲಿ ಸೇನಾಪಡೆಗಳ ಯುದ್ಧನಿರತ ಹುದ್ದೆಗಳಿಗೆ ವಿನಾಯಿತಿ ಕೊಟ್ಟು ಅಧಿಸೂಚನೆ ಬಂತು. ಅನೇಕರು ಅದನ್ನು ವಿರೋಧಿಸಿದರು, ನನಗೂ ಅದರ ಬಗ್ಗೆ ಅಸಮಾಧಾನವಿದೆ. ಆದರೂ ಅದು ಕೈಗೆ ಸಿಗುವ ಕಾಗದ. ಅದರ ಮೇಲೆ ತಾರೀಖಿದೆ, ಸಹಿಯಿದೆ. 2019ರ ಕಾಯ್ದೆಯಲ್ಲಿ ಇಂಥ ವಿನಾಯಿತಿಯ ಅವಕಾಶವನ್ನು ಸಂಸತ್ತು ಇಡಲಿಲ್ಲ. ಮರೆತು ಬಿಟ್ಟರೋ ಬೇಕೆಂದೇ ಬಿಟ್ಟರೋ, ಕಾಯ್ದೆ ಓದುವವನಿಗೆ ಎರಡೂ ಒಂದೇ.

ಸಂವಿಧಾನದ 33ನೆಯ ವಿಧಿಯ ನೆನಪಾಗಿ ಕಾನೂನು ವಿದ್ಯಾರ್ಥಿಗಳು ಆಗಲೇ ಗುಸುಗುಸು ಶುರು ಮಾಡಿದ್ದೀರಿ. ಸರಿ, ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಬಹುದು. ಯಾರು? ಸಂಸತ್ತು. ಹೇಗೆ? ಕಾನೂನಿನ ಮೂಲಕ. ಸಂಘ ಕಟ್ಟಬಾರದು, ರಾಜಕೀಯ ಸಭೆಗೆ ಹೋಗಬಾರದು, ಪತ್ರಿಕೆಗೆ ಬರೆಯಬಾರದು ಎಂಬ ನಿರ್ಬಂಧಗಳಿಗೆಲ್ಲ ಸೇನಾ ಕಾಯ್ದೆಯ 21ನೆಯ ಕಲಮಿನ ಆಧಾರವಿದೆ. ಈ ವಿಷಯಕ್ಕೆ ಅಂಥ ಆಧಾರ ಎಲ್ಲಿದೆ ತೋರಿಸಿ.

ಇದರ ಪೆಟ್ಟು ಹೇಗೆ ಬೀಳುತ್ತದೆ ಎಂಬುದಕ್ಕೆ ಎರಡು ಪ್ರಕರಣ ಹೇಳುತ್ತೇನೆ. ಎರಡೂ ಹೆಚ್ಚು ಕಡಿಮೆ ಒಂದೇ ಕಾಲದವು.

2010ರಲ್ಲಿ ನೌಕಾಪಡೆ ಸೇರಿದ ನಾವಿಕರೊಬ್ಬರು ವಿಶಾಖಪಟ್ಟಣದ ನೆಲೆಯಲ್ಲಿದ್ದರು. ರಜೆಯ ಮೇಲೆ ಹೋದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದರು. ಮರಳಿದ ಮೇಲೆ ತಮ್ಮನ್ನು ತಿಂಗಳುಗಟ್ಟಲೆ ಮನೋರೋಗಿಗಳ ವಾರ್ಡಿನಲ್ಲಿ ಇಟ್ಟಿದ್ದರೆಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. 2017ರ ಅಕ್ಟೋಬರಿನಲ್ಲಿ 'ಸೇವೆ ಇನ್ನು ಅಗತ್ಯವಿಲ್ಲ' ಎಂಬ ನಿಯಮದಡಿ ಅವರನ್ನು ಮನೆಗೆ ಕಳಿಸಲಾಯಿತು. ಭರ್ತಿಯಾದಾಗ ಇದ್ದ ಲಿಂಗವನ್ನು ಮತ್ತೆ ಸರಿಪಡಿಸಲಾಗದಂತೆ ಬದಲಿಸಿಕೊಂಡಿದ್ದಾರೆ, ಈಗಿರುವ ನಿಯಮಗಳಲ್ಲಿ ಮುಂದುವರಿಸಲು ಬರುವುದಿಲ್ಲ ಎಂಬುದು ನೌಕಾಪಡೆಯ ಹೇಳಿಕೆಯ ಸಾರ. ಏಳು ವರ್ಷ ಕಲಿತ ಎಂಜಿನ್ ಕೆಲಸ ಆ ಕೈಗಳಿಂದ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದು ರಿಜಿಸ್ಟರಿನ ಒಂದು ಕಾಲಮಿನ ಹೊಂದಾಣಿಕೆ. ಆಗ ನೌಕಾಪಡೆಯಲ್ಲಿ ಮಹಿಳಾ ನಾವಿಕರೇ ಇರಲಿಲ್ಲ, ಹೀಗಾಗಿ ಅವರನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ ಎನ್ನೋಣ. 2023ರ ಮಾರ್ಚಿನಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಿಂದ 273 ಹುಡುಗಿಯರು ಅಗ್ನಿವೀರ ನಾವಿಕರಾಗಿ ಹೊರಬಂದರು. ಇಡಲು ಜಾಗವೇ ಇಲ್ಲ ಎಂಬ ಮಾತು ಆರೇ ವರ್ಷದಲ್ಲಿ ಹಳತಾಯಿತು.

ಇನ್ನೊಂದು ಪ್ರಕರಣ ಮಹಾರಾಷ್ಟ್ರದ ಬೀಡ್ ಜಿಲ್ಲೆಯದು. ಮಹಿಳಾ ಕಾನ್‌ಸ್ಟೇಬಲ್ ಆಗಿದ್ದವರು ಅದೇ 2017ರಲ್ಲಿ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ರಜೆ ಕೇಳಿದರು. ಇಲಾಖೆ ಮೊದಲು ಆಗದು ಎಂದಿತು. ಕೋರ್ಟು ಕಚೇರಿ ಅಲೆದ ಮೇಲೆ, 2018ರ ಮೇ ತಿಂಗಳಲ್ಲಿ ಸರಕಾರ ಒಪ್ಪಿತು. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅವರು ಪುರುಷ ಕಾನ್‌ಸ್ಟೇಬಲ್ ಆಗಿ ಡ್ಯೂಟಿಗೆ ಹಾಜರಾದರು. ಖಾಕಿಯೂ ಶಿಸ್ತಿನ ಬಟ್ಟೆಯೇ. ಅಲ್ಲಿ ಒಂದು ಸರಕಾರಿ ಪತ್ರ ಕೆಲಸ ಉಳಿಸಿತು.

ಅಮೆರಿಕದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಅಲ್ಲಿ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಎಲ್ಲರ ಕಣ್ಣೆದುರು ನಡೆದಿದೆ. 2016ರಲ್ಲಿ ರ್‍ಯಾಂಡ್ ಸಂಸ್ಥೆ ಅಲ್ಲಿನ ರಕ್ಷಣಾ ಇಲಾಖೆಗಾಗಿ ಅಧ್ಯಯನ ಮಾಡಿತು. ಸಕ್ರಿಯ ಸೇವೆಯಲ್ಲಿ 1,320ರಿಂದ 6,630ರಷ್ಟು ಇಂಥ ಸೈನಿಕರು ಇರಬಹುದು, ಅವರ ಚಿಕಿತ್ಸೆಗೆ ವರ್ಷಕ್ಕೆ 24 ಲಕ್ಷದಿಂದ 84 ಲಕ್ಷ ಡಾಲರ್ ತಗಲಬಹುದು, ಅಂದರೆ ಆರೋಗ್ಯ ವೆಚ್ಚ ಶೇಕಡಾ 0.04ರಿಂದ 0.13ರಷ್ಟು ಏರಬಹುದು ಎಂದಿತು. ಅದೇ ಜೂನ್ 30ರಂದು ರಕ್ಷಣಾ ಕಾರ್ಯದರ್ಶಿ ಆಶ್ ಕಾರ್ಟರ್ ನಿಷೇಧ ತೆಗೆದರು. ಮರುವರ್ಷದ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಟ್ವೀಟ್ ಮಾಡಿ ಮತ್ತೆ ಬೇಡವೆಂದರು. ಟ್ವೀಟ್ ಹೋಗಿ ನೀತಿಯಾಗಿ, ನೀತಿ ಕೋರ್ಟಿಗೆ ಹೋಗಿ, 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನಡುವೆ 2018ರಲ್ಲಿ ಅಲ್ಲಿನ ಭೂಸೇನೆ, ನೌಕಾಪಡೆ, ವಾಯುಪಡೆ, ಮೆರೀನ್ ಪಡೆಗಳ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಬಂದು, ಇವರಿಂದಾಗಿ ಪಡೆಯ ಒಗ್ಗಟ್ಟು ಕೆಟ್ಟ ಪ್ರಸಂಗ ತಮ್ಮ ಗಮನಕ್ಕೆ ಬಂದಿಲ್ಲ ಎಂದು ಹೇಳಿ ಹೋದರು. 2021ರ ಜನವರಿಯಲ್ಲಿ ಬೈಡನ್ ಬಾಗಿಲು ತೆರೆದರು. 2025ರ ಜನವರಿ 27ರಂದು ಟ್ರಂಪ್ ಮತ್ತೆ ಆದೇಶ ಹೊರಡಿಸಿದರು. ಈ ಸಲದ ಭಾಷೆ ಬೇರೆ. ಖರ್ಚು, ಚಿಕಿತ್ಸೆ ಹಿಂದೆ ಸರಿದವು. ಇಂಥವರ ಬದುಕು ಸೈನಿಕನ ಗೌರವಕ್ಕೆ, ಪ್ರಾಮಾಣಿಕತೆಗೆ ಹೊಂದುವುದಿಲ್ಲ ಎಂಬ ಅರ್ಥದ ಸಾಲುಗಳು ಬಂದವು. ಮಾರ್ಚಿನಲ್ಲಿ ಫೆಡರಲ್ ನ್ಯಾಯಾಧೀಶೆ ಅನಾ ರೇಯೆಸ್ ಆ ಆದೇಶವನ್ನು ತಡೆದರು. ಇದರ ತುಂಬ ದ್ವೇಷವೇ ಇದೆ ಎಂದು ಖಾರವಾಗಿ ಬರೆದರು. ಮೇ 6ರಂದು, ಇನ್ನೊಂದು ರಾಜ್ಯದ ಇಂಥದೇ ಮೊಕದ್ದಮೆಯಲ್ಲಿ, ಪ್ರಕರಣ ಮುಗಿಯುವವರೆಗೆ ನಿಷೇಧ ಜಾರಿಯಲ್ಲಿರಲಿ ಎಂದು ಸುಪ್ರೀಂ ಕೋರ್ಟ್ ಬಿಟ್ಟಿತು. 60 ಬಾರಿ ಯುದ್ಧ ಹಾರಾಟ ಮಾಡಿದ ನೌಕಾಪಡೆಯ ಪೈಲಟ್ ಎಮಿಲಿ ಶಿಲ್ಲಿಂಗ್ ಅವರ ಹೆಸರಿನಲ್ಲಿದ್ದ ಮೊಕದ್ದಮೆ ಅದು.

ಅಮೆರಿಕದವರು ನ್ಯಾಯವಂತರು ಎಂದು ಹೊಗಳಲು ಇದನ್ನು ಹೇಳಲಿಲ್ಲ. ಹೊಗಳುವಂತೆ ಅವರು ನಡೆದುಕೊಂಡೂ ಇಲ್ಲ. ಆದರೆ ಅಲ್ಲಿ ಬೇಡ ಎಂದವನು ಸಹಿ ಹಾಕಿ ಬೇಡ ಎಂದ, ಏಕೆಂದು ಬರೆದ. ಆ ಕಾರಣಗಳನ್ನು ಹಿಡಿದು ವಕೀಲರು ಜಗ್ಗಿದರು, ಪತ್ರಿಕೆಯವರು ಅಂಕಿ ತೆಗೆದರು. 2017ರಲ್ಲಿ ಹೇಳಿದ ಕಾರಣ 2025ಕ್ಕೆ ಬದಲಾದದ್ದು ನಮಗೆ ಗೊತ್ತಾಗುವುದೂ ಅದರಿಂದಲೇ.

ದಕ್ಷಿಣ ಕೊರಿಯಾದ ಬ್ಯೋನ್ ಹೀ-ಸೂ ಅವರ ಕಥೆ ನಮ್ಮ ನಾವಿಕರದ್ದರಂಥದೇ. ಟ್ಯಾಂಕ್ ಓಡಿಸುತ್ತಿದ್ದ ಸಾರ್ಜೆಂಟ್. ಶಸ್ತ್ರಚಿಕಿತ್ಸೆಯ ನಂತರ, 2020ರ ಜನವರಿಯಲ್ಲಿ, ಅವರನ್ನು ಸೇವೆಯಿಂದ ತೆಗೆದರು. 2021ರ ಮಾರ್ಚಿನಲ್ಲಿ ತಮ್ಮ ಮನೆಯಲ್ಲಿ ಶವವಾಗಿ ಸಿಕ್ಕರು. ತೆಗೆದದ್ದು ಕಾನೂನುಬಾಹಿರ ಎಂದು ಕೋರ್ಟು ಹೇಳಿದ್ದು ಅದೇ ಅಕ್ಟೋಬರಿನಲ್ಲಿ. 2024ರಲ್ಲಿ ಅವರ ಸಾವನ್ನು ಕರ್ತವ್ಯಕ್ಕೆ ಸಂಬಂಧಿಸಿದ ಸಾವೆಂದು ಒಪ್ಪಿ, ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಕೊಟ್ಟರು.

ನೆದರ್ಲೆಂಡ್ಸ್ 1974ರಷ್ಟು ಹಿಂದೆಯೇ ಇವರಿಗೆ ಸೈನ್ಯದ ಬಾಗಿಲು ತೆರೆದಿತ್ತು ಎಂಬುದನ್ನೂ ಬರೆದುಕೊಳ್ಳಿ. ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ.

ಈಗ ಆಕ್ಷೇಪಣೆಗಳು. ನಮ್ಮ ಹಿರಿಯ ಮಾಜಿ ಸೈನಿಕರು ಇದನ್ನೇ ಕೇಳುವುದು: "ಬ್ಯಾರಕ್‌ನ್ಯಾಗ ಅವರನ್ನ ಎಲ್ಲಿ ಮಲಗಸ್ತೀರಿ ವಕೀಲ್ರ?" ಇದು ಕುಹಕದ ಪ್ರಶ್ನೆ ಅಂತ ನಾನು ತಳ್ಳಿಹಾಕುವುದಿಲ್ಲ. ಅರವತ್ತು ಜನ ಒಂದೇ ಸೂರಿನಡಿ ಮಲಗಿ, ಒಂದೇ ನಲ್ಲಿಯಡಿ ಸ್ನಾನ ಮಾಡಿ ಬದುಕಿದವರಿಗೆ ಅದು ದಿನದ ವಾಸ್ತವ. ಹೆಂಗಸರು ಬರುತ್ತಾರೆ ಎಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಉತ್ತರ ಬಂದದ್ದು ತತ್ವಶಾಸ್ತ್ರದಿಂದಲ್ಲ, ಗೋಡೆ ಕಟ್ಟಿ ಬಾಗಿಲು ಇಟ್ಟದ್ದರಿಂದ. ಖರ್ಚಾಗುತ್ತದೆ, ಆಗಲಿ. ಎಷ್ಟಾಗುತ್ತದೆ ಎಂದು ಲೆಕ್ಕ ತೆಗೆಯಲು ಮೊದಲು ಯಾರಾದರೂ ಕೂರಬೇಕು.

ವೈದ್ಯಕೀಯ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಹಾರ್ಮೋನು ತಗೊಳ್ಳುವವರನ್ನು ಸಿಯಾಚಿನ್‌ಗೆ ಕಳಿಸಿದರೆ ಔಷಧಿ ತಲುಪುವುದು ಹೇಗೆ? ಶಸ್ತ್ರಚಿಕಿತ್ಸೆಯಾದವರು ತಿಂಗಳುಗಟ್ಟಲೆ ಡ್ಯೂಟಿಗೆ ಬರಲಾಗದಿದ್ದರೆ? ಇಲ್ಲಿ ನನ್ನ ಉತ್ತರ ಸೈನ್ಯದ ಪುಸ್ತಕದಿಂದಲೇ ಬರುತ್ತದೆ. ಭೂಸೇನೆಯಲ್ಲಿ 'ಶೇಪ್' ಎಂಬ ಅಳತೆಯಿದೆ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು, ಹೀಗೆ ಐದಕ್ಕೂ ಬೇರೆ ಬೇರೆ ದರ್ಜೆ. ಕಾಲು ಮುರಿದ ಜವಾನನನ್ನು ಆ ಕಾರಣಕ್ಕೇ ಮನೆಗೆ ಅಟ್ಟುವುದಿಲ್ಲ. ಕೆಳಗಿನ ಮೆಡಿಕಲ್ ಕೆಟಗರಿಗೆ ಇಳಿಸುತ್ತಾರೆ, ಎತ್ತರದ ಜಾಗಕ್ಕೆ ಕಳಿಸುವುದಿಲ್ಲ, ನಿಗದಿತ ಅವಧಿ ಕಳೆದ ಮೇಲೆ ಮತ್ತೆ ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರೂ ಹೀಗೇ ಸೇವೆಯಲ್ಲಿ ಉಳಿದಿದ್ದಾರೆ. ಏಣಿ ಇದೆ, ಮೆಟ್ಟಿಲೂ ಇವೆ. ಅದೂ ಅಲ್ಲದೆ ಸೈನ್ಯವೆಂದರೆ ಸಿಯಾಚಿನ್ ಒಂದೇ ಅಲ್ಲ. ಗಾಡಿ ಓಡಿಸುವವರು, ವೈರ್‌ಲೆಸ್ ಕೇಳುವವರು, ವರ್ಕ್‌ಶಾಪಿನವರು, ಲಂಗರ್‌ನಲ್ಲಿ ಅಡುಗೆ ಮಾಡುವವರು, ಲೆಕ್ಕ ಬರೆಯುವವರು ಇಲ್ಲದೆ ಒಂದು ಗುಂಡೂ ಮುಂದೆ ಹೋಗುವುದಿಲ್ಲ.

ಇನ್ನು ಇದು ಮನೋರೋಗ ಎಂಬ ವಾದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದಾಗಿದೆ. ಅಷ್ಟು ಸಾಕು.

ನಮ್ಮ ರಾಜ್ಯದ ಒಂದು ಗೆಲುವನ್ನು ಹೇಳದೆ ಮುಂದೆ ಹೋಗಲಾರೆ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಾಗ ಉತ್ತರ ಭಾರತದ ಹಿಜ್ರಾಗಳನ್ನೂ ಅದರೊಳಗೆ ಸೇರಿಸಿದರು. ಪಟ್ಟಿಯಲ್ಲಿ ಹೆಸರಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿದು ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದಿತ್ತು. ಈಗ 2020ಕ್ಕೆ ಬನ್ನಿ. ಕರ್ನಾಟಕ ಪೊಲೀಸ್ ಇಲಾಖೆ ವಿಶೇಷ ಮೀಸಲು ಕಾನ್‌ಸ್ಟೇಬಲ್ ಹಾಗೂ ಬ್ಯಾಂಡ್ಸ್‌ಮನ್ ಹುದ್ದೆಗಳಿಗೆ ಅರ್ಜಿ ಕರೆಯಿತು, ಪುರುಷರಿಗೆ ಮತ್ತು ಮಹಿಳೆಯರಿಗೆ ಮಾತ್ರ. 'ಸಂಗಮ' ಸಂಸ್ಥೆ ಹೈಕೋರ್ಟಿಗೆ ಹೋಯಿತು. 2021ರ ಜುಲೈನಲ್ಲಿ ಸರಕಾರ ನೇಮಕಾತಿ ನಿಯಮ ತಿದ್ದಿ, ರಾಜ್ಯದ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ದೇಶದಲ್ಲಿ ಇಂಥದನ್ನು ಮೊದಲು ಮಾಡಿದ ರಾಜ್ಯ ನಮ್ಮದು. 2022ರಲ್ಲಿ 3,484 ಸಶಸ್ತ್ರ ಕಾನ್‌ಸ್ಟೇಬಲ್ ಹುದ್ದೆಗಳಿಗೆ ಅರ್ಜಿ ಕರೆದಾಗ 79 ಅವರಿಗೆ ಮೀಸಲಾಗಿದ್ದವು. ವಾದ್ಯ ನುಡಿಸಿದರೆ ಜೈಲು ಎಂದಿದ್ದ ದೇಶದಲ್ಲಿ ಪೊಲೀಸ್ ಬ್ಯಾಂಡಿನ ಅರ್ಜಿಯಿಂದಲೇ ಈ ಬಾಗಿಲು ತೆರೆಯಿತು.

ಇಷ್ಟಕ್ಕೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು: "ಸರ್, ಇತಿಹಾಸದಾಗ ಇಂಥವರು ದಂಡನಾಯಕರೇ ಆಗಿದ್ರಲ್ಲ, ಮಲಿಕ್ ಕಾಫೂರ್?"

ಆಗಿದ್ದ. ಅಲಾವುದ್ದೀನ್ ಖಿಲ್ಜಿಯ ಸೇನಾಪತಿಯಾಗಿ 1311ರಲ್ಲಿ ಹೊಯ್ಸಳರ ದ್ವಾರಸಮುದ್ರದ ಬಾಗಿಲಿಗೇ ಬಂದ. ಆದರೆ ಅವನನ್ನು ಈ ವಾದಕ್ಕೆ ಸಾಕ್ಷಿಯಾಗಿ ಕರೆಯಬೇಡಿ. ಅವನು ಗುಲಾಮ, ನಪುಂಸಕನನ್ನಾಗಿ ಮಾಡಲ್ಪಟ್ಟವನು. ತನ್ನ ಲಿಂಗತ್ವವನ್ನು ತಾನು ಹೇಳಿಕೊಂಡವನ ಕಥೆ ಅದಲ್ಲ. ಇಷ್ಟು ಮಾತ್ರ ತೆಗೆದುಕೊಳ್ಳಿ: ದಂಡು ನಡೆಸಲು ಗಡ್ಡಮೀಸೆ ಬೇಕೇಬೇಕು ಎಂಬ ನಂಬಿಕೆ ಆ ಕಾಲದ ಸುಲ್ತಾನರಿಗೂ ಇರಲಿಲ್ಲ.

ಎನ್‌ಸಿಸಿಯಲ್ಲಿರುವ ಹುಡುಗಿ ಕೇಳಿದಳು: "ಕೇರಳದಾಗ ಯಾರೋ ಎನ್‌ಸಿಸಿಗೆ ಸೇರಿಸಿಕೊಳ್ರಿ ಅಂತ ಕೋರ್ಟಿಗೆ ಹೋಗಿದ್ರಂತಲ್ಲ, ಏನಾತು?"

ಹೀನಾ ಹನೀಫಾ ಎಂಬ ಟ್ರಾನ್ಸ್ ಮಹಿಳೆ. 1948ರ ಎನ್‌ಸಿಸಿ ಕಾಯ್ದೆ ಹುಡುಗ-ಹುಡುಗಿ ಎರಡನ್ನೇ ಹೇಳುತ್ತದೆ, ಆದ್ದರಿಂದ ಆಗದು ಎಂದು ಕೇಂದ್ರ ವಾದಿಸಿತು. 2021ರ ಮಾರ್ಚಿನಲ್ಲಿ ಕೇರಳ ಹೈಕೋರ್ಟ್ ಆ ವಾದ ಒಪ್ಪಲಿಲ್ಲ. ಹುಡುಗಿಯರ ವಿಭಾಗಕ್ಕೆ ಸೇರುವ ಹಕ್ಕು ಅವರಿಗಿದೆ ಎಂದಿತು. ನನಗೆ ಈ ತೀರ್ಪು ಮುಖ್ಯವೆನಿಸುವುದು ಬೇರೆ ಕಾರಣಕ್ಕೆ. ಅಲ್ಲಿ ಸರಕಾರ ಬಾಯಿ ಬಿಡಬೇಕಾಯಿತು, ಏಕೆ ಆಗದು ಎಂದು ಪ್ರಮಾಣಪತ್ರ ಸಲ್ಲಿಸಬೇಕಾಯಿತು. ಹಾಗೆ ಬರೆದು ಕೊಟ್ಟ ಕಾರಣ ಕೋರ್ಟಿನ ಮುಂದೆ ನಿಲ್ಲಲಿಲ್ಲ. ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ಸೈನ್ಯ ಭರ್ತಿಯಲ್ಲಿ ಇರುವ ಅನುಕೂಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೊನೆಯ ಪ್ರಶ್ನೆ ಚೀಟಿಯಲ್ಲಿ ಬಂತು, ಹೆಸರಿಲ್ಲದೆ. 'ನನ್ನ ಹತ್ತಿರ ಜಿಲ್ಲಾಧಿಕಾರಿಗಳು ಕೊಟ್ಟ ಗುರುತಿನ ಪ್ರಮಾಣಪತ್ರ ಇದೆ. ನಾನು ಈಗ ಏನು ಮಾಡಲಿ?'

ಓದುತ್ತಿದ್ದರೆ ಓದು ಬಿಡಬೇಡಿ. ಓಟ ನಿಲ್ಲಿಸಬೇಡಿ. ರಾಜ್ಯದ ಪೊಲೀಸ್ ಭರ್ತಿ ಕರೆದಾಗ ಅರ್ಜಿ ಹಾಕಿ. ಅದು ಈಗಲೇ ತೆರೆದಿರುವ ಬಾಗಿಲು, ಅದನ್ನು ಬಿಟ್ಟು ಮುಚ್ಚಿದ ಬಾಗಿಲ ಮುಂದೆ ವಯಸ್ಸು ಕಳೆಯಬೇಡಿ. ಜೊತೆಗೆ ಇನ್ನೊಂದು ಕೆಲಸ ಮಾಡಿ. ರಕ್ಷಣಾ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಡಿ ಎರಡೇ ಪ್ರಶ್ನೆ ಬರೆಯಿರಿ: 2019ರ ಕಾಯ್ದೆಯ 9ನೆಯ ಕಲಮು ಅಗ್ನಿವೀರ ಭರ್ತಿಗೆ ಅನ್ವಯಿಸುತ್ತದೆಯೇ? ಇಲ್ಲವಾದರೆ, ಯಾವ ಆದೇಶದ ಪ್ರಕಾರ ಇಲ್ಲ? ಮೂರೂ ಪಡೆಗಳು ಸೇರಿ ಈ ವಿಷಯಕ್ಕೆ ಅಧ್ಯಯನ ತಂಡ ಮಾಡಿಕೊಂಡಿವೆ ಎಂದು 2023ರಲ್ಲಿ ಪತ್ರಿಕೆಗಳು ಬರೆದಿದ್ದವು. ಆ ತಂಡದ ವರದಿಯ ಪ್ರತಿಯನ್ನೂ ಕೇಳಿ. ಉತ್ತರ 'ಇಲ್ಲ' ಎಂದು ಬಂದರೆ ಬೇಸರ ಮಾಡಿಕೊಳ್ಳಬೇಡಿ, ಅದೇ ನಮಗೆ ಬೇಕಾದ ಕಾಗದ. ಅದನ್ನು ತೆಗೆದುಕೊಂಡು ಧಾರವಾಡಕ್ಕೆ ಬನ್ನಿ, ಹೈಕೋರ್ಟಿನ ಪೀಠ ಅಲ್ಲೇ ಇದೆ, ಸಂವಿಧಾನದ 226ನೆಯ ವಿಧಿಯಡಿ ರಿಟ್ ಅರ್ಜಿ ಹಾಕೋಣ. ನನ್ನ ಫೀಸಿನ ಚಿಂತೆ ಬೇಡ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಅರ್ಜಿಯ ಮಾದರಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ತಂದಿದ್ದೇನೆ, ಹೊರಗೆ ಚಹಾದ ಮೇಜಿನ ಮೇಲೆ ಇಟ್ಟಿರುತ್ತೇನೆ. ಹೆಸರು ಹೇಳದೆಯೇ ಒಂದು ಪ್ರತಿ ಎತ್ತಿಕೊಂಡು ಹೋಗಬಹುದು.